ಊರಿಗೆ ಬಾರದ ಫೈಲು

ಗಲ್ಫ್‌ಗೆ ಬಂದವರಿಗೆ ‘ಮೆಡಿಕಲ್’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಂಗಳೂರಿನಲ್ಲೋ ಮುಂಬೈಯಲ್ಲೋ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಾಲು ನಿಂತು, ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡು, ‘ಫಿಟ್’ ಎಂಬ ಒಂದೇ ಒಂದು ಪದಕ್ಕಾಗಿ ಕಾದವರು ನಾವು. ಆಗ ಅದನ್ನು ಗಮ್ಕಾ ಎನ್ನುತ್ತಿದ್ದೆವು, ಈಗ ವಾಫಿದ್ ಎನ್ನುತ್ತಾರೆ. ವಿಮಾನ ಇಳಿದ ಮೇಲೆ ಇಲ್ಲಿ ಮತ್ತೊಮ್ಮೆ ಅದೇ ರಕ್ತ, ಅದೇ ಎಕ್ಸ್‌ರೇ. ಆ ಪರೀಕ್ಷೆಗಳಲ್ಲಿ ಏನೇನು ಕಂಡಿತು ಎಂದು ಕೂತು ಓದಿದವರು ನಮ್ಮಲ್ಲಿ ಕಡಿಮೆ. ನೋಡುವುದು ಫಿಟ್ಟೋ ಅನ್‌ಫಿಟ್ಟೋ ಎಂದು ಮಾತ್ರ. ಉತ್ತರ ಬೇಕಾಗಿದ್ದದ್ದು ವೀಸಾಕ್ಕೆ, ನಮಗಲ್ಲ.

ಇದಕ್ಕಿಂತ ತೀರಾ ಬೇರೆಯಾದ ಒಂದು ಮೆಡಿಕಲ್ 1951ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ನಡೆಯಿತು. ಅಲ್ಲಿ ಹಡಗಿನಿಂದ ಸರಕು ಇಳಿಸುವ, ಏರಿಸುವ ಕಾರ್ಮಿಕರಿಗೆ ಐಎಲ್‌ಡಬ್ಲ್ಯುಯು ಎಂಬ ಬಲವಾದ ಸಂಘವಿತ್ತು. ಅದರ ಅಧ್ಯಕ್ಷ ಹ್ಯಾರಿ ಬ್ರಿಜಸ್ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಬಂದ ವಲಸಿಗರು. ಅವರನ್ನು ಗಡೀಪಾರು ಮಾಡಬೇಕೆಂದು ಅಮೆರಿಕ ಸರ್ಕಾರ ವರ್ಷಗಟ್ಟಲೆ ಕೋರ್ಟು ಕಚೇರಿ ಸುತ್ತಿದರೂ ಆಗಲಿಲ್ಲ. ಆ ಸಂಘ ತನ್ನ ಸದಸ್ಯರಿಗೆ ಆರೋಗ್ಯ ತಪಾಸಣೆ ಬೇಕೆಂದು ತಾನಾಗಿ ಕೇಳಿತು. ಸಂಘ ಮತ್ತು ಮಾಲೀಕರು ಕೂಡಿ ನಡೆಸುತ್ತಿದ್ದ ಕಲ್ಯಾಣ ನಿಧಿಯ ಮೂಲಕ, ಕೈಸರ್ ಪರ್ಮನೆಂಟೆ ಸಂಸ್ಥೆಯ ವೈದ್ಯರು ಸುಮಾರು 4,000 ಮಂದಿಗೆ ರಕ್ತ, ಮೂತ್ರ, ಎಕ್ಸ್‌ರೇ ಮುಂತಾದ ಪರೀಕ್ಷೆಗಳನ್ನು ಒಂದೇ ಸುತ್ತಿನಲ್ಲಿ ಮಾಡಿದರು. ಯಾರನ್ನೂ ಕೆಲಸದಿಂದ ತೆಗೆಯಲು ಅಲ್ಲ. ತನಗೆ ಸಕ್ಕರೆ ಕಾಯಿಲೆಯೋ ಬಿಪಿಯೋ ಇದೆ ಎಂದೇ ಗೊತ್ತಿಲ್ಲದೆ ಮೂಟೆ ಹೊರುತ್ತಿದ್ದವರನ್ನು ಹುಡುಕಿ ವೈದ್ಯರ ಹತ್ತಿರ ಕಳಿಸಲು.

ಕೈಸರ್ ಪರ್ಮನೆಂಟೆಯ ಹುಟ್ಟು ಕೂಡ ನಮ್ಮಂಥವರಿಗೆ ಅಪರಿಚಿತವಲ್ಲ. 1933ರಲ್ಲಿ ಸಿಡ್ನಿ ಗಾರ್ಫೀಲ್ಡ್ ಎಂಬ ಯುವ ವೈದ್ಯ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ನಡುವೆ ಹನ್ನೆರಡು ಹಾಸಿಗೆಯ ಆಸ್ಪತ್ರೆ ಕಟ್ಟಿದರು. ಲಾಸ್ ಏಂಜಲಿಸ್‌ಗೆ ಕೊಲರಾಡೊ ನದಿಯ ನೀರು ತರುವ ಕಾಲುವೆಯ ಕೆಲಸ ಅಲ್ಲಿ ನಡೆಯುತ್ತಿತ್ತು. ಬಿಸಿಲು, ಧೂಳು, ಕ್ಯಾಂಪು, ಮನೆಯಿಂದ ದೂರ ಬಂದ ಗಂಡಸರು. ಹೇಳಬೇಕಾದ್ದಿಲ್ಲ, ಆ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಬಿಲ್ಲು ವಸೂಲಾಗದೆ ಆಸ್ಪತ್ರೆ ಮುಳುಗುವ ಹಂತಕ್ಕೆ ಬಂದಾಗ ಒಂದು ಉಪಾಯ ಹೊಳೆಯಿತು: ಒಬ್ಬ ಕಾರ್ಮಿಕನಿಗೆ ದಿನಕ್ಕೆ ಐದು ಸೆಂಟ್‌ನಂತೆ ವಿಮಾ ಕಂಪನಿ ಮುಂಗಡವಾಗಿ ಕೊಟ್ಟುಬಿಡುವುದು, ಕೆಲಸಕ್ಕೆ ಸಂಬಂಧಿಸದ ಕಾಯಿಲೆಗೂ ಚಿಕಿತ್ಸೆ ಬೇಕೆಂದರೆ ಕಾರ್ಮಿಕ ಇನ್ನೈದು ಸೆಂಟ್ ಸೇರಿಸುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಇನ್ನೊಂದು ದಡದ ರಿಚ್‌ಮಂಡ್‌ನಲ್ಲಿ ಹೆನ್ರಿ ಕೈಸರ್ ಅವರ ಹಡಗುಕಟ್ಟೆಗಳಿಗೆ ದೇಶದ ಮೂಲೆಮೂಲೆಯಿಂದ ಜನ ಬಂದಾಗ ಇದೇ ಪದ್ಧತಿ ಅಲ್ಲಿಗೂ ಬಂತು. 1945ರಲ್ಲಿ ಅದನ್ನು ಸಾರ್ವಜನಿಕರಿಗೂ ತೆರೆದರು.

ಬಂದರು ಕಾರ್ಮಿಕರ ತಪಾಸಣೆಯ ನಂತರ ಕೈಸರ್ ವೈದ್ಯರ ಮುಂದೆ ಒಂದು ಹೊಸ ತೊಡಕು ಎದ್ದಿತು. ಸಾವಿರಾರು ಜನ, ಒಬ್ಬೊಬ್ಬರಿಗೆ ಹತ್ತಾರು ಪರೀಕ್ಷೆ, ಪ್ರತಿಯೊಂದಕ್ಕೂ ಒಂದು ಕಾಗದ. ಮುಂದಿನ ವರ್ಷ ಅದೇ ಮನುಷ್ಯ ಬಂದಾಗ ಹಿಂದಿನ ವರ್ಷದ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ತಾನೆ ಪ್ರಯೋಜನ? ಈ ಕೆಲಸವನ್ನು ಕೈಗೆತ್ತಿಕೊಂಡವರು ಮೋರಿಸ್ ಕೊಲೆನ್. ಅವರು ಮೊದಲು ಎಲೆಕ್ಟ್ರಿಕಲ್ ಎಂಜಿನಿಯರ್, ಆಮೇಲೆ ವೈದ್ಯ. 1960ರ ದಶಕದಲ್ಲಿ ಅವರು ಓಕ್ಲೆಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಪಾಸಣೆಯ ಫಲಿತಾಂಶವನ್ನು ತೂತು ಹಾಕಿದ ಕಾರ್ಡುಗಳ ಮೂಲಕ ಕಂಪ್ಯೂಟರಿಗೆ ಉಣಿಸುವ ವ್ಯವಸ್ಥೆ ಮಾಡಿದರು. ರೋಗಿಯ ದಾಖಲೆ ಕಂಪ್ಯೂಟರಿಗೆ ಹೋದ ಇತಿಹಾಸದಲ್ಲಿ ಇದು ಆರಂಭದ ಹೆಜ್ಜೆಗಳಲ್ಲಿ ಒಂದು. ಆದರೆ ಕೈಸರ್‌ಗೆ ಒಂದು ಅನುಕೂಲವಿತ್ತು. ವಿಮೆ, ಆಸ್ಪತ್ರೆ, ವೈದ್ಯ, ಲ್ಯಾಬ್ ಎಲ್ಲವೂ ಒಂದೇ ಮನೆಯವು. ಒಂದು ಮನೆಯೊಳಗೆ ಮಾತಾಡಿಕೊಳ್ಳುವುದು ಸುಲಭ. ಮನೆ ಬೇರೆಯಾದಾಗ ಏನು ಮಾಡುವುದು ಎಂಬ ಪ್ರಶ್ನೆ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಬಂತು.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯನ್ನು ಎಲ್ಲರೂ ಯುಸಿಎಸ್‌ಎಫ್ ಎನ್ನುತ್ತಾರೆ. 1970ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಕಂಪ್ಯೂಟರಿಗೆ ಬರವಿರಲಿಲ್ಲ. ರೋಗಿಯ ಹೆಸರು ಬರೆದುಕೊಳ್ಳುವ ಕಡೆ ಒಂದು, ಲ್ಯಾಬಿನಲ್ಲಿ ಒಂದು, ಔಷಧ ಕೊಡುವ ಕಡೆ ಒಂದು, ಎಕ್ಸ್‌ರೇ ವಿಭಾಗದಲ್ಲಿ ಒಂದು. ಪ್ರತಿಯೊಂದನ್ನು ಬೇರೆ ಬೇರೆ ಕಂಪನಿ ಮಾಡಿತ್ತು. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಒಬ್ಬ ರೋಗಿಯ ಹೆಸರನ್ನು ನಾಲ್ಕು ಕಡೆ ನಾಲ್ಕು ಸಲ ಟೈಪು ಮಾಡಬೇಕು. ನಾಲ್ಕು ಸಲ ಟೈಪು ಮಾಡಿದರೆ ಎರಡು ಕಡೆಯಾದರೂ ತಪ್ಪು ಬೀಳುತ್ತದೆ ಎಂಬುದು ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಗೊತ್ತಿರುವ ಸಂಗತಿ.

ಅಲ್ಲಿನ ಕಂಪ್ಯೂಟರ್ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ಡಾ. ಡೊನಾಲ್ಡ್ ಸಿಂಬೋರ್ಗ್ ಇದಕ್ಕೊಂದು ದಾರಿ ಹುಡುಕಿದರು. ಸುಲಭದ ದಾರಿ ಎಂದರೆ ನಾಲ್ಕನ್ನೂ ಎಸೆದು ಎಲ್ಲಕ್ಕೂ ಒಂದೇ ಕಂಪನಿಯ ದೊಡ್ಡ ಯಂತ್ರ ತರುವುದು. ಆಗಿನ ದೊಡ್ಡ ಕಂಪನಿಗಳು ಹೇಳುತ್ತಿದ್ದದ್ದೂ ಅದನ್ನೇ. ಸಿಂಬೋರ್ಗ್ ಹಾಗೆ ಮಾಡಲಿಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ಎಂಜಿನಿಯರುಗಳ ಜೊತೆ ಸೇರಿ, ಇರುವ ಯಂತ್ರಗಳನ್ನು ಹಾಗೆಯೇ ಬಿಟ್ಟು ಅವುಗಳ ನಡುವೆ ತಂತಿ ಎಳೆದರು. ಜೊತೆಗೆ, ಆ ತಂತಿಯ ಮೇಲೆ ಓಡಾಡುವ ಸಂದೇಶಗಳಿಗೆ ಒಂದು ವ್ಯಾಕರಣ ಬರೆದರು. ‘ಹೊಸ ರೋಗಿ ಬಂದಿದ್ದಾರೆ’ ಎನ್ನುವುದನ್ನು ಹೀಗೆ ಹೇಳಬೇಕು, ‘ಲ್ಯಾಬ್ ಫಲಿತಾಂಶ ಬಂತು’ ಎನ್ನುವುದನ್ನು ಹೀಗೆ. ಒಳಗೆ ಯಾವ ಯಂತ್ರವಾದರೂ ಯಾವ ಭಾಷೆಯನ್ನಾದರೂ ಆಡಿಕೊಳ್ಳಲಿ. ಬಾಗಿಲಿಗೆ ಬಂದಾಗ ಎಲ್ಲರೂ ಒಂದೇ ಭಾಷೆ ಆಡಬೇಕು. 1980ರ ದಶಕದ ಆರಂಭದಲ್ಲಿ ಇದು ಕೆಲಸ ಮಾಡಿ ತೋರಿಸಿತು.

ಇದರ ಲಾಭವನ್ನು ಬೆರಳಲ್ಲಿ ಎಣಿಸಬಹುದು. ನಾಲ್ಕು ಯಂತ್ರಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಬೇಕಾದರೆ ಆರು ಜೋಡಣೆ ಬೇಕು. ಹತ್ತು ಯಂತ್ರಗಳಾದರೆ 45. ಇಪ್ಪತ್ತಾದರೆ 190. ಪ್ರತಿ ಜೋಡಣೆಗೂ ಒಬ್ಬ ತಜ್ಞನಿಗೆ ದುಡ್ಡು. ಎಲ್ಲವೂ ಒಂದೇ ಭಾಷೆ ಕಲಿತರೆ ಇಪ್ಪತ್ತು ಯಂತ್ರಕ್ಕೆ ಇಪ್ಪತ್ತೇ ಜೋಡಣೆ ಸಾಕು. ಸಿರಿವಂತ ಆಸ್ಪತ್ರೆ 190ಕ್ಕೂ ದುಡ್ಡು ಹಾಕಬಹುದೇನೋ, ಬಡ ಆಸ್ಪತ್ರೆಗೆ ಅದು ಆಗದ ಮಾತು. ಮುಂದೆ ಆಫ್ರಿಕಾದ ಕಥೆ ಬಂದಾಗ ಈ ಲೆಕ್ಕವನ್ನು ನೆನಪಿಡಿ.

1984ರಲ್ಲಿ ಸಿಂಬೋರ್ಗ್ ತಮ್ಮದೇ ಕಂಪನಿ ತೆರೆದು ಈ ಭಾಷೆಯನ್ನು ಮಾರಲು ಹೊರಟರು. ಇಲ್ಲಿಯೇ ನನಗೆ ಈ ಇತಿಹಾಸದ ಸ್ವಾರಸ್ಯ ಕಾಣುವುದು. ಒಂದು ಸಣ್ಣ ಕಂಪನಿಯ ಸ್ವಂತ ಭಾಷೆಯನ್ನು ಅದರ ಪ್ರತಿಸ್ಪರ್ಧಿ ಯಾಕೆ ಕಲಿಯುತ್ತಾನೆ? ಎಲ್ಲರೂ ಕಲಿಯಬೇಕಾದರೆ ಅದು ಯಾರ ಸ್ವತ್ತೂ ಆಗಿರಬಾರದು. 1987ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸ್ಯಾಮ್ ಶುಲ್ಟ್ಸ್ ಕರೆದ ಸಭೆಯಲ್ಲಿ ಆಸ್ಪತ್ರೆಯವರು, ಕಂಪನಿಯವರು, ಸಲಹೆಗಾರರು ಒಟ್ಟಿಗೆ ಕೂತರು. ಅಲ್ಲಿ ಹುಟ್ಟಿದ್ದು ಹೆಲ್ತ್ ಲೆವೆಲ್ ಸೆವೆನ್, ಸಂಕ್ಷೇಪವಾಗಿ ಎಚ್‌ಎಲ್‌7. ಕಂಪ್ಯೂಟರುಗಳ ಸಂಪರ್ಕವನ್ನು ಏಳು ಮಜಲುಗಳಾಗಿ ವಿಂಗಡಿಸುವ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ. ಕೆಳಗಿನ ಮಜಲುಗಳಲ್ಲಿ ತಂತಿ, ವಿದ್ಯುತ್ತು; ಎಲ್ಲಕ್ಕಿಂತ ಮೇಲಿನ ಏಳನೆಯದರಲ್ಲಿ ಮಾತಿನ ಅರ್ಥ. ಹೆಸರಿನ 7 ಅದೇ. 1988ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಅದರ ಸಂತತಿಯವು ಇವತ್ತಿಗೂ ಗಲ್ಫ್ ಸೇರಿದಂತೆ ಲೋಕದ ಆಸ್ಪತ್ರೆಗಳಲ್ಲಿ ದುಡಿಯುತ್ತಿವೆ.

ನೋಡಲು ಆ ಸಂದೇಶ ಏನೂ ಚೆಂದವಲ್ಲ. ಸಾಲು ಸಾಲಾಗಿ ಅಕ್ಷರ, ಪ್ರತಿ ಸಾಲಿನ ಮೊದಲಿಗೆ ಮೂರಕ್ಷರದ ಸಂಕೇತ, ನಡುನಡುವೆ ಉದ್ದ ಗೆರೆಗಳು. ಪಿಐಡಿ ಎಂದು ಶುರುವಾಗುವ ಸಾಲಿನಲ್ಲಿ ರೋಗಿಯ ಗುರುತು ಇರುತ್ತದೆ: ನಂಬರು, ಹೆಸರು, ಹುಟ್ಟಿದ ದಿನ. ದಿನಾಂಕದಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಆದ್ದರಿಂದ ನಮ್ಮ ಮೂರನೇ ಏಪ್ರಿಲ್ ಅಮೆರಿಕದವರ ಕಣ್ಣಿಗೆ ನಾಲ್ಕನೇ ಮಾರ್ಚ್ ಆಗುವ ಗೊಂದಲ ಇಲ್ಲ. ಹೆಸರಿನ ಜಾಗದಲ್ಲಿ ಮಾತ್ರ ಮೊದಲು ಮನೆತನದ ಹೆಸರು, ಆಮೇಲೆ ಇಟ್ಟ ಹೆಸರು. ಇದನ್ನು ಬರೆದವರು ಅಮೆರಿಕದವರು ನೋಡಿ. ಊರ ಹೆಸರು, ಅಪ್ಪನ ಹೆಸರು, ಇನಿಶಿಯಲ್ ಎಲ್ಲ ಕೂಡಿದ ನಮ್ಮ ಹೆಸರನ್ನು ಪಾಸ್‌ಪೋರ್ಟಿನವರು ಒಂದು ಥರ, ಇಲ್ಲಿನ ಐಡಿ ಕಾರ್ಡಿನವರು ಇನ್ನೊಂದು ಥರ ಒಡೆಯುತ್ತಾರೆ. ಒಬ್ಬನೇ ಮನುಷ್ಯ ಕಂಪ್ಯೂಟರಿನಲ್ಲಿ ಮೂವರಾಗುತ್ತಾನೆ. ಮಾನಕ ಎಷ್ಟೇ ಚೆನ್ನಾಗಿರಲಿ, ಈ ಗಂಟನ್ನು ಅದು ತಾನಾಗಿ ಬಿಚ್ಚುವುದಿಲ್ಲ. ಅದಕ್ಕೇ ಹಲವು ದೇಶಗಳು ಆರೋಗ್ಯಕ್ಕೆಂದೇ ಒಂದು ನಂಬರಿನ ಹಿಂದೆ ಬಿದ್ದಿರುವುದು.

ಅಂಕಿಗಳ ಕಥೆಯೂ ಅಷ್ಟೇ. ಇಲ್ಲಿನ ಎಷ್ಟೋ ಲ್ಯಾಬ್‌ಗಳು ಸಕ್ಕರೆಯನ್ನು ಮಿಲಿಮೋಲ್‌ನಲ್ಲಿ ಅಳೆಯುತ್ತವೆ, ಊರಿನಲ್ಲಿ ಮಿಲಿಗ್ರಾಂನಲ್ಲಿ. ಇಲ್ಲಿ ಬರಿಹೊಟ್ಟೆಯ ಸಕ್ಕರೆ 7 ಎಂದು ಬಂದರೆ ಊರಿನ ಲೆಕ್ಕದಲ್ಲಿ ಅದು 126, ಅಂದರೆ ಸಕ್ಕರೆ ಕಾಯಿಲೆ ಎಂದು ಗುರುತಿಸುವ ಗಡಿ. ಹದಿನೆಂಟರಿಂದ ಗುಣಿಸಬೇಕು. ಕಿಡ್ನಿಯ ಕ್ರಿಯಾಟಿನಿನ್ ಇಲ್ಲಿ 88 ಎಂದಿದ್ದರೆ ಊರಿನ 1ಕ್ಕೆ ಸಮ. ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡ ಮನೆಯವರು ಗಾಬರಿ ಬೀಳುವುದೂ ಉಂಟು, ‘ಏಳೇ ತಾನೆ’ ಎಂದು ಸುಮ್ಮನಾಗುವುದೂ ಉಂಟು. ಎರಡನೆಯದು ಹೆಚ್ಚು ಅಪಾಯ. ಅಂಕಿಯ ಜೊತೆ ಅಳತೆಯ ಹೆಸರೂ, ಯಾವ ಪರೀಕ್ಷೆ ಎಂಬ ಸಂಕೇತವೂ ಹೋಗಬೇಕು ಎಂಬ ಕಟ್ಟುನಿಟ್ಟು ಇದಕ್ಕಾಗಿ ಬಂತು. ಲ್ಯಾಬ್ ಪರೀಕ್ಷೆಗಳಿಗೆ ಸಂಕೇತ ಕೊಡುವ ಲಾಯ್ಂಕ್ ಎಂಬ ಪಟ್ಟಿಯನ್ನು 1994ರಲ್ಲಿ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆಯವರು ಶುರುಮಾಡಿದರು. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು.

ಅದೇ ಸಂಸ್ಥೆಯ ಬರ್ಕ್ ಮ್ಯಾಮ್ಲಿನ್ ಮತ್ತು ಪಾಲ್ ಬಿಯಾಂಡಿಕ್ ಎಂಬ ವೈದ್ಯರು 2004ರಲ್ಲಿ ಕೀನ್ಯಾದ ಎಲ್ಡೊರೆಟ್‌ಗೆ ಹೋದರು. ಎಚ್‌ಐವಿ ರೋಗಿಗಳ ಸಂಖ್ಯೆ ಅಲ್ಲಿ ಏರುತ್ತಲೇ ಇತ್ತು. ಯಾರಿಗೆ ಯಾವ ಮಾತ್ರೆ, ಯಾರು ತಪ್ಪಿಸಿದ್ದಾರೆ ಎಂದು ನೋಡಲು ಇದ್ದ ವ್ಯವಸ್ಥೆ ಸಾಲುತ್ತಿರಲಿಲ್ಲ. ಅಮೆರಿಕದಲ್ಲಿ ಕೋಟಿಗಟ್ಟಲೆ ಬೆಲೆಯ ಸಾಫ್ಟ್‌ವೇರ್ ಅಲ್ಲಿಗೆ ನಡೆಯದು. ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆಯ ಹಾಮಿಶ್ ಫ್ರೇಸರ್ ಜೊತೆಗೂಡಿ ಅವರು ಕಟ್ಟಿದ್ದು ಓಪನ್‌ಎಂಆರ್‌ಎಸ್. ಅದರ ಒಳಗುಟ್ಟು ಎಲ್ಲರಿಗೂ ತೆರೆದಿತ್ತು. ಯಾವ ದೇಶದವರೂ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಿತ್ತು. ನಮ್ಮ ದೇಶದಲ್ಲಿ ಅದರ ಮೇಲೆಯೇ ಬೆಂಗಳೂರಿನ ಥಾಟ್‌ವರ್ಕ್ಸ್ ತಂಡ ಬಹ್ಮ್ನಿ ಎಂಬ ವ್ಯವಸ್ಥೆಯನ್ನು ಕಟ್ಟಿತು. ಹೆಸರು ಕೇಳಿ ಕಲಬುರಗಿಯ ಸುಲ್ತಾನರು ನೆನಪಾದರೆ ನಮ್ಮ ತಪ್ಪಲ್ಲ. ಅದು ಮೊದಲು ಬಳಕೆಗೆ ಬಂದದ್ದು ಛತ್ತೀಸಗಢದ ಬಿಲಾಸಪುರದ ಹತ್ತಿರ ಗನಿಯಾರಿ ಎಂಬ ಹಳ್ಳಿಯ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ. ಹತ್ತಾರು ಮೈಲಿಯಿಂದ ಆದಿವಾಸಿಗಳು, ಕೂಲಿಯವರು ಬರುವ ಜಾಗ ಅದು.

ಸ್ಯಾನ್ ಫ್ರಾನ್ಸಿಸ್ಕೋಗೆ ಮರಳೋಣ. ಬಡ ಊರುಗಳ ಕಥೆಯಲ್ಲಿ ಆ ನಗರಕ್ಕೂ ಒಂದು ಪಾಲಿದೆ. ಅಲ್ಲಿಗೆ ಹತ್ತಿರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾಶ್ ನೆಸ್ಬಿಟ್ 2008ರಲ್ಲಿ ನೂರು ಹಳೆಯ ಮೊಬೈಲ್ ಫೋನು, ಒಂದು ಲ್ಯಾಪ್‌ಟಾಪು ಹೊತ್ತು ಆಫ್ರಿಕಾದ ಮಲಾವಿ ದೇಶದ ನಮಿಟೆಟೆಗೆ ಹೋದರು. ಅಲ್ಲಿನ ಸೇಂಟ್ ಗೇಬ್ರಿಯಲ್ ಆಸ್ಪತ್ರೆಯನ್ನು ನಂಬಿಕೊಂಡವರು ಸುಮಾರು ಎರಡೂವರೆ ಲಕ್ಷ ಜನ. ನಮ್ಮ ಆಶಾ ಕಾರ್ಯಕರ್ತೆಯರಂತೆ ಹಳ್ಳಿಹಳ್ಳಿಯಲ್ಲಿ ಆರೋಗ್ಯ ಸ್ವಯಂಸೇವಕರಿದ್ದರು. ಒಬ್ಬ ಕ್ಷಯ ರೋಗಿ ಮಾತ್ರೆ ನುಂಗುತ್ತಿದ್ದಾನೋ ಇಲ್ಲವೋ ಎಂಬ ವರದಿಯನ್ನು ಕಾಗದದಲ್ಲಿ ಬರೆದುಕೊಂಡು ಅವರು ದಿನಗಟ್ಟಲೆ ನಡೆದು ಆಸ್ಪತ್ರೆಗೆ ಬರಬೇಕಿತ್ತು. ಫೋನು ಬಂದ ಮೇಲೆ ಅದೇ ವರದಿ ಒಂದು ಎಸ್ಸೆಮ್ಮೆಸ್ ಆಯಿತು. ಇಂಟರ್ನೆಟ್ ಬೇಕಿರಲಿಲ್ಲ. ಲ್ಯಾಪ್‌ಟಾಪಿಗೆ ಒಂದು ಫೋನು ಸಿಕ್ಕಿಸಿದರೆ ಅದೇ ಕೇಂದ್ರ. ನೆಸ್ಬಿಟ್ ಮತ್ತು ಗೆಳೆಯರು ಕಟ್ಟಿದ ಸಂಸ್ಥೆ ಮೆಡಿಕ್ ಮೊಬೈಲ್ ಎಂಬ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ನಡೆಯಿತು, ಈಗ ಮೆಡಿಕ್ ಎಂದಷ್ಟೇ ಕರೆಯುತ್ತಾರೆ. ಅವರ ಸಾಫ್ಟ್‌ವೇರ್ ಕೂಡ ಎಲ್ಲರಿಗೂ ತೆರೆದದ್ದು.

ಹೀಗೆ ಉಚಿತ ಸಾಫ್ಟ್‌ವೇರ್ ಬಂತು. ಆದರೆ ಕೆಲವೇ ವರ್ಷಗಳಲ್ಲಿ ಆಫ್ರಿಕಾದ ದೇಶಗಳಿಗೆ ಯುಸಿಎಸ್‌ಎಫ್‌ನ ಹಳೆಯ ತಲೆನೋವು ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಒಬ್ಬ ದಾನಿ ಎಚ್‌ಐವಿಗೆ ಒಂದು ವ್ಯವಸ್ಥೆ ಕೊಟ್ಟ, ಇನ್ನೊಬ್ಬ ಬಾಣಂತಿಯರಿಗೆ ಇನ್ನೊಂದು, ಮತ್ತೊಬ್ಬ ಲಸಿಕೆಗೆ ಮತ್ತೊಂದು. ಒಂದೇ ಹೆಂಗಸು ಮೂರು ಕಡೆ ಮೂರು ರೋಗಿ. ಆಗ ಹಿಂದೆ ಹೇಳಿದ 190ರ ಲೆಕ್ಕ ಎದುರಿಗೆ ನಿಂತಿತು. ರುವಾಂಡಾದಂಥ ದೇಶಗಳ ಅನುಭವದಿಂದ 2013ರಲ್ಲಿ ಓಪನ್‌ಎಚ್‌ಐಇ ಎಂಬ ಬಳಗ ರೂಪುಗೊಂಡಿತು. ಎಲ್ಲ ವ್ಯವಸ್ಥೆಗಳೂ ನಡುವಿನ ಒಂದು ಕೊಂಡಿಯ ಮೂಲಕ ಮಾತಾಡಲಿ, ರೋಗಿಯ ಗುರುತಿಗೆ ಒಂದು ಪಟ್ಟಿ, ಆಸ್ಪತ್ರೆಗಳಿಗೆ ಒಂದು ಪಟ್ಟಿ ಇರಲಿ ಎಂಬುದು ಅದರ ನಕ್ಷೆ. ಸಿಂಬೋರ್ಗ್ ನಾಲ್ಕು ಯಂತ್ರಕ್ಕೆ ಮಾಡಿದ್ದನ್ನು ಒಂದು ದೇಶಕ್ಕೆ ಹಿಗ್ಗಿಸಿದಂತೆ.

ಅಷ್ಟರಲ್ಲಿ ಎಚ್‌ಎಲ್‌7 ಸಂಸ್ಥೆಯೇ ಒಂದು ಬಿಕ್ಕಟ್ಟಿನಲ್ಲಿತ್ತು. ಅದರ ಮೂರನೆಯ ಆವೃತ್ತಿ ಎಷ್ಟು ಪಾಂಡಿತ್ಯಪೂರ್ಣವಾಗಿತ್ತೆಂದರೆ ಬಳಸುವವರೇ ಕಡಿಮೆ. ಅದರ ಮೇಲೆ, ಮಾನಕದ ಪುಸ್ತಕ ಬೇಕೆಂದರೆ ದುಡ್ಡು ಕೊಡಬೇಕು. ಭಾಷೆಯನ್ನು ಎಲ್ಲರೂ ಆಡಬೇಕು, ಆದರೆ ನಿಘಂಟಿಗೆ ಬೀಗ! 2012ರಲ್ಲಿ ಸಂಸ್ಥೆ ಮನಸ್ಸು ಬದಲಿಸಿ, ಮಾನಕಗಳನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿತು; 2013ರಲ್ಲಿ ಅದು ಜಾರಿಗೆ ಬಂತು. ಅದಕ್ಕೆ ಸ್ವಲ್ಪ ಮೊದಲು, 2011ರಲ್ಲಿ, ಗ್ರಹಾಂ ಗ್ರೀವ್ ಎಂಬುವರು ಹೊಸದೊಂದು ಕರಡು ಬರೆದಿದ್ದರು. ಅವರೂ ಮೆಲ್ಬರ್ನ್‌ನವರು, ಬಂದರು ಸಂಘದ ಹ್ಯಾರಿ ಬ್ರಿಜಸ್ ಅವರ ಹುಟ್ಟೂರಿನವರು ಎಂಬುದು ಕಾಕತಾಳೀಯ. ಆಸ್ಪತ್ರೆಯ ದಾಖಲೆಯನ್ನು ರೋಗಿ, ಔಷಧ, ಅಲರ್ಜಿ, ಲ್ಯಾಬ್ ಫಲಿತಾಂಶ ಎಂದು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ಮೊಬೈಲ್ ಆ್ಯಪ್‌ಗಳು ಬಳಸುವ ಇಂಟರ್ನೆಟ್ ವಿಧಾನದಲ್ಲೇ ಕಳಿಸೋಣ ಎಂಬುದು ಅವರ ವಿಚಾರ. ಅದೇ ಎಫ್‌ಎಚ್‌ಐಆರ್. ‘ಫೈರ್’ ಎಂದು ಓದುತ್ತಾರೆ. ಹೊಸದಾಗಿ ಕಲಿತ ಹುಡುಗನೂ ಕೆಲವೇ ದಿನಗಳಲ್ಲಿ ಏನಾದರೊಂದು ಕಟ್ಟಿ ತೋರಿಸಬಹುದಾದಷ್ಟು ಸರಳ. 2018ರ ಕೊನೆಯಲ್ಲಿ ಬಂದ ಅದರ ನಾಲ್ಕನೆಯ ಬಿಡುಗಡೆಯೇ ಇಂದು ಹೆಚ್ಚು ಚಾಲ್ತಿಯಲ್ಲಿರುವುದು.

ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಂಪನಿಗಳು ಇದರ ಹಿಂದೆ ಬಂದವು. 2018ರ ಜನವರಿಯಲ್ಲಿ ಕ್ಯೂಪರ್ಟಿನೋದ ಆ್ಯಪಲ್ ಆಸ್ಪತ್ರೆಯ ದಾಖಲೆಯನ್ನು ಐಫೋನಿಗೆ ಇಳಿಸಿಕೊಳ್ಳುವ ಸೌಲಭ್ಯವನ್ನು ಘೋಷಿಸಿತು. 2023ರ ಮಾರ್ಚ್‌ನಲ್ಲಿ ಮೌಂಟನ್ ವ್ಯೂನ ಗೂಗಲ್, ಇಂಟರ್ನೆಟ್ ಬಂದು ಹೋಗುವ ಹಳ್ಳಿಗಳಲ್ಲಿ ಅಗ್ಗದ ಆ್ಯಂಡ್ರಾಯ್ಡ್ ಫೋನಿನ ಮೇಲೆ ನಡೆಯುವ ಆ್ಯಪ್‌ಗಳನ್ನು ಕಟ್ಟಲು ಓಪನ್ ಹೆಲ್ತ್ ಸ್ಟ್ಯಾಕ್ ಎಂಬ ಸಾಮಗ್ರಿಯನ್ನು ಹೊರತಂದಿತು. ಎರಡರ ಒಳಗೂ ಇರುವುದು ಎಫ್‌ಎಚ್‌ಐಆರ್. ದೊಡ್ಡ ಕಂಪನಿಗಳು ಪುಣ್ಯಕ್ಕಾಗಿ ಬರುವುದಿಲ್ಲ ಎಂಬುದು ನಮಗೂ ಗೊತ್ತು. ಆದರೂ, ಯಾರ ಸ್ವತ್ತೂ ಅಲ್ಲದ ಭಾಷೆಯನ್ನು ಅವರೂ ಆಡಬೇಕಾಯಿತಲ್ಲ, ಅದೇ ಸಮಾಧಾನ.

ಈ ಕೊಲ್ಲಿಯಿಂದ ನಮ್ಮ ನಾಡಿಗೂ ಒಂದು ಎಳೆ ಬರುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದ ಶ್ರೀಕಾಂತ್ ನಾಧಮುನಿ ಸಿಲಿಕಾನ್ ವ್ಯಾಲಿಯಲ್ಲಿ ಸನ್, ಇಂಟೆಲ್ ಮುಂತಾದ ಕಡೆ ದುಡಿದರು. ಆಸ್ಪತ್ರೆ ಮತ್ತು ವಿಮೆಯ ಕಾಗದಗಳನ್ನು ಇಂಟರ್ನೆಟ್‌ಗೆ ತರಲು ಹೊರಟಿದ್ದ ಹೆಲ್ತಿಯಾನ್ ಕಂಪನಿಯಲ್ಲೂ ಇದ್ದರು; ಮುಂದೆ ಅದು ವೆಬ್‌ಎಂಡಿ ಜೊತೆ ಸೇರಿತು. 2000ದ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ನಂದನ್ ನಿಲೇಕಣಿ ಜೊತೆ ಇಗವರ್ನಮೆಂಟ್ಸ್ ಫೌಂಡೇಶನ್ ಕಟ್ಟಿದರು, ಆಮೇಲೆ ಆಧಾರ್‌ನ ತಂತ್ರಜ್ಞಾನ ಮುಖ್ಯಸ್ಥರಾದರು. 2021ರಲ್ಲಿ ಕೋವಿಡ್ ಊರುಗಳನ್ನು ಹಿಂಡುತ್ತಿದ್ದಾಗ ಅವರು ಶುರುಮಾಡಿದ್ದು ‘ಟೆನ್ ಬೆಡ್ ಐಸಿಯು’ ಯೋಜನೆ: ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ತೀವ್ರ ನಿಗಾ ಘಟಕ, ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೂತ ತಜ್ಞರು ಪರದೆಯ ಮೇಲೆ ರೋಗಿಯನ್ನು ನೋಡಿ ಸಲಹೆ ಕೊಡುವುದು. ಕರ್ನಾಟಕವೂ ಅದರಲ್ಲಿ ಸೇರಿತು. ಅಲ್ಲಿ ಬಳಸುವ ಕೇರ್ ಎಂಬ ಸಾಫ್ಟ್‌ವೇರ್ ಕೇರಳದಲ್ಲಿ ಕೋವಿಡ್ ಕಾಲದಲ್ಲಿ ಸ್ವಯಂಸೇವಕರು ಕಟ್ಟಿದ್ದು. ಅದೂ ಎಲ್ಲರಿಗೂ ತೆರೆದದ್ದು. ಹನ್ನೆರಡು ಹಾಸಿಗೆಯ ಮೊಹಾವಿ ಆಸ್ಪತ್ರೆ ನನಗೆ ಇಲ್ಲಿ ನೆನಪಾಗುತ್ತದೆ.

ಭಾರತ ಸರ್ಕಾರ 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಶುರುಮಾಡಿ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ್ದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಆಭಾ ಎಂಬ 14 ಅಂಕಿಯ ನಂಬರು ಅದರದ್ದು. ಕೆಲವರು ಅಂದುಕೊಂಡಂತೆ ಎಲ್ಲರ ಕಾಯಿಲೆಯೂ ದಿಲ್ಲಿಯ ಒಂದು ಕಂಪ್ಯೂಟರಿನಲ್ಲಿ ಶೇಖರವಾಗುವುದಿಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ಇನ್ನೊಂದು ಆಸ್ಪತ್ರೆ ಕೇಳಿದಾಗ, ರೋಗಿ ತನ್ನ ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ, ಅಲ್ಲಿಂದ ಇಲ್ಲಿಗೆ ಬರುತ್ತದೆ. ಬರುವ ಭಾಷೆ ಎಫ್‌ಎಚ್‌ಐಆರ್, ಅದರ ನಾಲ್ಕನೆಯ ಬಿಡುಗಡೆ.

ಈಗ ನಾವಿರುವ ಕಡೆ ನೋಡಿ. ಅಬುಧಾಬಿಯ ಆಸ್ಪತ್ರೆಗಳನ್ನು ಜೋಡಿಸುವ ಜಾಲದ ಹೆಸರು ಮಲಫ್ಫಿ, ‘ನನ್ನ ಫೈಲು’ ಎಂದರ್ಥ. ದುಬೈಯದು ನಬಿದ್, ಎಮಿರೇಟ್ಸ್‌ನ ಕೇಂದ್ರ ಸಚಿವಾಲಯದ್ದು ರಿಆಯತಿ. ಸೌದಿಯಲ್ಲಿ ವಿಮೆ ಮತ್ತು ಆಸ್ಪತ್ರೆಗಳ ನಡುವೆ ನಡೆಯುವ ನಫೀಸ್ ಬಳಸುವುದೂ ಎಫ್‌ಎಚ್‌ಐಆರ್‌ನ ಅದೇ ನಾಲ್ಕನೆಯ ಬಿಡುಗಡೆಯನ್ನು. ಊರಿನಿಂದ ತಂದ ಮಿಕ್ಸಿಯ ಪಿನ್ನು ಇಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಆರೋಗ್ಯ ದಾಖಲೆಯ ವಿಷಯದಲ್ಲಿ ಮಾತ್ರ ಎರಡೂ ಕಡೆ ಪಿನ್ನು ಒಂದೇ ಆಕಾರಕ್ಕೆ ಬಂದಿದೆ. ಆದರೂ ಇಲ್ಲಿ ಹದಿನೈದು ವರ್ಷ ದುಡಿದು, ಸ್ಟೆಂಟ್ ಹಾಕಿಸಿಕೊಂಡು ಕ್ಯಾನ್ಸಲ್ ಆಗಿ ಹೊರಡುವ ಮನುಷ್ಯನ ಫೈಲು ಕುಂದಾಪುರದ ತಾಲೂಕು ಆಸ್ಪತ್ರೆಗೆ ತಾನಾಗಿ ಹೋಗುವುದಿಲ್ಲ. ಅಲ್ಲಿನ ವೈದ್ಯರು ‘ಯಾವ ಮಾತ್ರೆ ತಗೊಳ್ತಾ ಇದ್ರಿ?’ ಎಂದರೆ, ‘ಬಿಳಿದು, ಗುಂಡಗಿನದು’ ಎಂಬ ಉತ್ತರ. ಅಡ್ಡಿ ಇರುವುದು ತಂತ್ರಜ್ಞಾನದಲ್ಲಿ ಅಲ್ಲ, ಎರಡು ಸರ್ಕಾರಗಳ ನಡುವಿನ ಒಪ್ಪಂದದಲ್ಲಿ.

ಇಲ್ಲಿ ಒಂದು ಅಂಜಿಕೆಯನ್ನೂ ಹೇಳಲೇಬೇಕು. ಫೈಲು ಓಡಾಡಲು ಶುರುವಾದರೆ ಕಂಪನಿಯ ಎಚ್‌ಆರ್ ಟೇಬಲ್ಲಿಗೂ ಬಂದೀತೇ? ಹಳೆಯ ಕ್ಷಯದ ಕಲೆ ನೋಡಿ ವೀಸಾ ನಿಂತೀತೇ? ಕಾಯಿಲೆ ಮುಚ್ಚಿಟ್ಟು ದುಡಿಯುವವರು ನಮ್ಮ ನಡುವೆ ಇದ್ದಾರೆ. ಅವರ ಭಯ ಸುಳ್ಳಲ್ಲ. ಮಾನಕ ತೆರೆದದ್ದು ಎಂದರೆ ದಾಖಲೆ ತೆರೆದಿದೆ ಎಂದಲ್ಲ. ಕನ್ನಡದ ವ್ಯಾಕರಣ ಎಲ್ಲರದ್ದಾದರೂ ನಾನು ಮನೆಗೆ ಬರೆದ ಕಾಗದ ಮನೆಯವರಿಗೆ ಮಾತ್ರ. ಯಾರು ನೋಡಬಹುದು ಎಂಬುದನ್ನು ಕಾನೂನು ಹೇಳಬೇಕು, ಕೊನೆಯ ಮಾತು ರೋಗಿಯದ್ದಾಗಿರಬೇಕು. ಫಿಟ್-ಅನ್‌ಫಿಟ್ಟಿನ ಮೆಡಿಕಲ್‌ಗೂ ಬಂದರು ಕಾರ್ಮಿಕರು ತಾವಾಗಿ ಕೇಳಿ ಮಾಡಿಸಿಕೊಂಡ ಮೆಡಿಕಲ್‌ಗೂ ಇರುವ ಅಂತರ ಇದೇ.

ಗಡಿ ದಾಟಿ ದಾಖಲೆ ಹೋಗುವುದು ಬರೀ ಕನಸೇನಲ್ಲ. ಬೇರೆ ದೇಶದಲ್ಲಿ ಆಸ್ಪತ್ರೆ ಸೇರಿದವನಿಗೆ ಬೇಕಾದಷ್ಟನ್ನು, ಅಂದರೆ ಇರುವ ಕಾಯಿಲೆ, ನುಂಗುವ ಔಷಧ, ಅಲರ್ಜಿ, ಲಸಿಕೆ ಇವನ್ನು, ಒಂದೆರಡು ಪುಟದಲ್ಲಿ ಹೇಳುವ ಅಂತರರಾಷ್ಟ್ರೀಯ ರೋಗಿ ಸಾರಾಂಶ ಎಂಬ ಮಾನಕ ಇದೆ. 2021ರಲ್ಲಿ ಅದಕ್ಕೆ ಐಎಸ್‌ಒ ಮುದ್ರೆಯೂ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶುರುಮಾಡಿದ ಜಾಗತಿಕ ಡಿಜಿಟಲ್ ಆರೋಗ್ಯ ಪ್ರಮಾಣೀಕರಣ ಜಾಲದ ಮೂಲಕ, 2024ರ ಹಜ್ ಸಮಯದಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಒಮಾನ್ ದೇಶಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಯಾತ್ರಿಕರಿಗೆ ಇದೇ ಸಾರಾಂಶವುಳ್ಳ ಹಜ್ ಆರೋಗ್ಯ ಕಾರ್ಡಿನ ಪ್ರಯೋಜನ ಸಿಕ್ಕಿತು. ಬಿಸಿಲಿಗೆ ಕುಸಿದ ಮುದುಕರೊಬ್ಬರು ಯಾವ ಔಷಧದ ಮೇಲಿದ್ದಾರೆ ಎಂದು ಸೌದಿ ವೈದ್ಯರು ತಿಳಿಯಲು ಅವರ ಭಾಷೆ ಬರಬೇಕಾಗಿಲ್ಲ.

ಯಾತ್ರಿಕರಿಗೆ ಆದದ್ದು ಕಾರ್ಮಿಕರಿಗೂ ಆಗಬೇಕಾದರೆ ಯಾರಾದರೂ ಕೇಳಬೇಕು. ರಾಯಭಾರ ಕಚೇರಿಯ ಓಪನ್ ಹೌಸಿಗೆ ನಮ್ಮ ಸಂಘಗಳು ಹೋಗುತ್ತಲೇ ಇವೆ: ವಿಮಾನ ದರ, ಬಾಕಿ ಸಂಬಳ, ಊರಿಗೆ ಕಳಿಸಬೇಕಾದ ಪಾರ್ಥಿವ ಶರೀರ. ಆ ಪಟ್ಟಿಗೆ ಇದನ್ನೊಂದು ಸೇರಿಸಬಹುದು. ಅಲ್ಲಿಯವರೆಗೆ, ಎಕ್ಸಿಟ್ ಹೊಡೆಸುವ ಮೊದಲು ಇಲ್ಲಿನ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಒಮ್ಮೆ ಹೋಗಿ. ಡಿಸ್ಚಾರ್ಜ್ ಸಾರಾಂಶ, ಕಳೆದ ಎರಡು ವರ್ಷದ ಲ್ಯಾಬ್ ಫಲಿತಾಂಶ, ಔಷಧಗಳ ಪಟ್ಟಿ ಕೇಳಿ. ಔಷಧದ ಹೆಸರು ಕಂಪನಿಯ ಬ್ರ್ಯಾಂಡಿನದ್ದಲ್ಲದೆ ಮೂಲ ಹೆಸರಿನಲ್ಲಿ ಇರಲಿ, ಏಕೆಂದರೆ ಇಲ್ಲಿನ ಬ್ರ್ಯಾಂಡು ಊರಿನ ಅಂಗಡಿಯಲ್ಲಿ ಇರುವುದಿಲ್ಲ. ಪ್ರತಿ ಅಂಕಿಯ ಪಕ್ಕ ಅಳತೆ ಇದೆಯೇ ನೋಡಿ. ಅರಬಿಯಲ್ಲಿದ್ದರೆ ಇಂಗ್ಲಿಷಿನ ಪ್ರತಿ ಬೇಕೆಂದು ಹೇಳಿ. ಇಲ್ಲಿನ ಸಿಮ್ ಬಂದ್ ಆದ ಮೇಲೆ ಆಸ್ಪತ್ರೆಯ ಆ್ಯಪ್ ತೆರೆಯಲು ಒಟಿಪಿ ಬರುವುದಿಲ್ಲ, ಆದ್ದರಿಂದ ಈ ಕೆಲಸ ಸಿಮ್ ಇರುವಾಗಲೇ ಆಗಬೇಕು.